ಹೊನ್ನಗೆರೆ ಪಾರ್ಕಿನ ಕುಂಕುಮಾಂಕಿತ ಪರ್ಮಿಷನ್ ಪ್ರಸಂಗ

ವಧೂವರರು ತಾಳಿ ಕಟ್ಟುವ ಮೊದಲೇ ಮರ ಸುತ್ತಿ, ಕಲ್ಲುಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು, ಹುಲ್ಲಿನ ಮೇಲೆ ಕಾರಣವಿಲ್ಲದೆ ಓಡಿ, ಓಡಿದ್ದಕ್ಕೆ ಸಾಕ್ಷಿಯಾಗಿ ಫೋಟೋ ಹಿಡಿಸಿಕೊಳ್ಳದಿದ್ದರೆ ಬಂಧುಗಳಾಗಲಿ, ಬೀಗರಾಗಲಿ, ಸಾಕ್ಷಾತ್ ಅಗ್ನಿಯೇ ಆಗಲಿ ಆ ಮದುವೆಯನ್ನು ಪೂರ್ಣವೆಂದು ಒಪ್ಪದ ಪ್ರಿವೆಡ್ಡಿಂಗೆಂಬ ಮಹಾಯುಗವು ಪ್ರವರ್ತಿಸುತ್ತಿರಲಾಗಿ, ಹೊನ್ನಗೆರೆಯೆಂಬ ಪಟ್ಟಣದ ಗಿಳಿಮಂಟಪದ ಪಾರ್ಕೆಂಬ ಪುಣ್ಯಕ್ಷೇತ್ರದ ಹೆಬ್ಬಾಗಿಲಿನಲ್ಲಿ ಒಂದು ಶುಕ್ರವಾರದ ಬೆಳಗ್ಗೆ ನಡೆದ ಘೋರಸಂಗ್ರಾಮವನ್ನು ಹೇಳುವೆನು. ಎಲೌ ನಿಯಮಫಲಕಾಧಿದೇವತೆಯೇ, ಹೂ ಕೀಳಬಾರದು, ಹುಲ್ಲಿನ ಮೇಲೆ ಮಲಗಬಾರದು, ಅನುಮತಿಯಿಲ್ಲದೆ ವಾಣಿಜ್ಯ ಛಾಯಾಗ್ರಹಣ ಮಾಡಬಾರದು ಎಂದು ಬಿಸಿಲುಮಳೆಯಲ್ಲಿ ನಿಂತು ಉಪದೇಶಿಸಿದರೂ ಒಬ್ಬರಿಂದಲೂ ಓದಿಸಿಕೊಳ್ಳದ ದುಃಖಿನಿಯೇ, ನನ್ನ ನಾಲಗೆಯ ಮೇಲೆ ಬಂದು ನಿಲ್ಲು. ನಿನ್ನ ಬಣ್ಣ ಹೋದ ಅಕ್ಷರಗಳನ್ನು ನಾನೇ ತುಂಬಿಕೊಳ್ಳುತ್ತೇನೆ.

ಆ ಪಟ್ಟಣದ ಬಸ್‌ಸ್ಟ್ಯಾಂಡಿನ ಎದುರು, ಸುಪ್ರಭಾ ಸ್ಟುಡಿಯೋ ಎಂಬ ಕೋಟೆಯಲ್ಲಿ, ಪಂಚಾಕ್ಷರಿಯೆಂಬ ವೀರನು ವಾಸಿಸುತ್ತಿದ್ದನು. ತ್ರಿಪಾದಸ್ತಂಭಧರ, ಮಂದಹಾಸಪ್ರೇರಕ, ನಿಮೀಲಿತನೇತ್ರನಿವಾರಕ ಎಂಬವು ಅವನ ಬಿರುದುಗಳು. ಟ್ರೈಪಾಡ್ ಹೊರುವವನು, ‘ಸ್ವಲ್ಪ ನಗಿ’ ಎನ್ನುವವನು, ‘ಕಣ್ಣು ಮುಚ್ಚಿಬಿಟ್ರಿ, ಇನ್ನೊಂದು’ ಎನ್ನುವವನು ಎಂದರೂ ಅಷ್ಟೇ. ಒಂದು ಕಾಲದಲ್ಲಿ ಹೊನ್ನಗೆರೆಯ ಪುರೋಹಿತರು ಅವನ ಕಡೆ ನೋಡಿ, ಅವನು ತಲೆಯಾಡಿಸಿದ ಮೇಲೆಯೇ ಗಟ್ಟಿಮೇಳ ಹೇಳಿಸುತ್ತಿದ್ದರು. ಆಮೇಲೆ ಬೆಂಗಳೂರಿನ ಕಡೆಯಿಂದ ಡ್ರೋನೆಂಬ ಆಕಾಶಗಾಮಿ ಯಂತ್ರಗಳನ್ನು ಹಾರಿಸಿಕೊಂಡು ಹುಡುಗರು ಬಂದರು. ಮದುವೆಮನೆಗಳು ಒಂದೊಂದಾಗಿ ಅವನ ಕೈಬಿಟ್ಟವು. ಈಗ ಆ ಕೋಟೆಗೆ ಬರುವವರು ಪಾಸ್‌ಪೋರ್ಟ್ ಸೈಜಿನವರು ಮಾತ್ರ. ಅವರು ನಗುವುದಿಲ್ಲ, ನಗಲೂಬಾರದು. ಜನರನ್ನು ನಗಿಸಿ ಬದುಕಿದವನಿಗೆ ದಿನವಿಡೀ ‘ನಗಬೇಡಿ’ ಎನ್ನಬೇಕಾಗಿ ಬಂದದ್ದು ಎಂಥ ಸಂಕಟವೆಂಬುದು ಅವನಿಗೇ ಗೊತ್ತು.

ಇಂಥ ಗ್ರಹಚಾರದ ಕಾಲದಲ್ಲಿ ಅವನ ಪಾಲಿಗೆ ದೇವರಂತೆ ಬಂದವಳು ಸರ್ವಮಂಗಳಮ್ಮ. ಆಕೆಯ ಮದುವೆಯ ಆಲ್ಬಮ್ ಮಾಡಿದವನು ಇವನೇ. ಮಗಳು ಮೇಘಶ್ರೀಗೆ ಗಂಡು ಗೊತ್ತಾದಾಗ ಗಂಡಿನ ಕಡೆಯವರು ಬೆಂಗಳೂರಿನ ಪಾರ್ಟಿಯನ್ನೇ ಕರೆಸೋಣವೆಂದರು, ಆಕೆ ಪಂಚಾಕ್ಷರಿಯೇ ಆಗಬೇಕೆಂದು ಹಟ ಹಿಡಿದಳು. ಕೊನೆಗೆ ಆದ ಸಂಧಾನ ಇದು: ಒಂದು ಬೆಳಗ್ಗೆ ಪಾರ್ಕಿನಲ್ಲಿ ಹುಡುಗ ಹುಡುಗಿಯ ಫೋಟೋ ಅವನೇ ತೆಗೆಯಲಿ, ಅದು ಗಂಡಿನ ತಾಯಿಗೆ ಮೆಚ್ಚುಗೆಯಾದರೆ ಮದುವೆಯೂ ಅವನದು, ಇಲ್ಲವಾದರೆ ಬೆಂಗಳೂರಿನವರದು. ಇದು ಹೋದರೆ ಇನ್ನು ಜೀವಮಾನದಲ್ಲಿ ತನಗೆ ಮದುವೆಯಿಲ್ಲ ಎಂದು ಪಂಚಾಕ್ಷರಿಗೆ ಖಚಿತವಾಗಿತ್ತು. ಅವನಿಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದದ್ದು ಬೇರೆ ವಿಷಯ.

ಮೊದಲಾದರೆ ಅವನು ಕ್ಯಾಮೆರಾವನ್ನು ತರಕಾರಿ ಚೀಲದಲ್ಲಿಟ್ಟು, ಮೇಲೆ ಟವೆಲ್ ಹೊದಿಸಿ ಪಾರ್ಕಿನೊಳಗೆ ನುಗ್ಗುವವನೇ. ಈ ಸಲ ಹಾಗೆ ಮಾಡಲಿಲ್ಲ. ನಗರಸಭೆಯೆಂಬ ಚಕ್ರವ್ಯೂಹವನ್ನು ಹೊಕ್ಕು, ‘ಸಾಹೇಬ್ರು ಸೈಟಿಗೆ ಹೋಗವ್ರೆ’, ‘ಸಾಹೇಬ್ರು ಊಟಕ್ಕೆ ಹೋಗವ್ರೆ’ ಎಂಬ ಎರಡು ಮಹಾದ್ವಾರಗಳನ್ನು ಭೇದಿಸಿ, ಸಹಿ ಮೊಹರುಗಳಿಂದ ವಿರಾಜಮಾನವಾದ ಅನುಮತಿಪತ್ರವನ್ನು ಸಂಪಾದಿಸಿದನು. ಗುಮಾಸ್ತರು ‘ಆಯ್ತು’ ಎಂದದ್ದೇ ತಡ, ಅದನ್ನು ಕಣ್ಣಿಗೊತ್ತಿಕೊಂಡು ಸೀದಾ ಸರ್ವಮಂಗಳಮ್ಮನ ಮನೆಗೆ ನಡೆದನು.

ಆಕೆ ಪತ್ರವನ್ನು ನೋಡಿ ಪುಳಕಗೊಂಡಳು. ಲಗ್ನಪತ್ರಿಕೆ ಇನ್ನೂ ಅಚ್ಚಾಗಿರಲಿಲ್ಲ. ಮಗಳ ಹೆಸರೂ ಅಳಿಯನ ಹೆಸರೂ ಒಟ್ಟಿಗೆ ಬರೆದ ಮೊದಲ ಕಾಗದವೇ ಅದು. ಮದುವೆಯ ಮೊದಲ ಕಾಗದವನ್ನು ಬರಿದಾಗಿ ಇಡುವುದುಂಟೆ? ನಾಲ್ಕು ಮೂಲೆಗೆ ಅರಿಸಿನ ಹಚ್ಚಿದಳು. ತುಪ್ಪದಲ್ಲಿ ಕುಂಕುಮ ಕಲಸಿ, ನಡುವೆ ಕಾಸಗಲದ ಬೊಟ್ಟಿಟ್ಟಳು. ದೇವರ ಮುಂದಿಟ್ಟು ದೀಪ ಹಚ್ಚಿದಳು. ಮನೆಯವರೆಲ್ಲ ಕೈಮುಗಿದರು, ಪಂಚಾಕ್ಷರಿಯೂ ಮುಗಿದನು. ಪೂಜೆಗೆ ಕೂತ ಕಾಗದವನ್ನು ಓದುವ ಪದ್ಧತಿ ನಮ್ಮಲ್ಲಿ ಇಲ್ಲವಾದ್ದರಿಂದ ಯಾರೂ ಓದಲಿಲ್ಲ.

ಶುಕ್ರವಾರದ ಎಳೆಬಿಸಿಲಿನಲ್ಲಿ, ರೇಷ್ಮೆಸೀರೆಯ ಮೇಘಶ್ರೀಯನ್ನೂ ಹೊಸ ಜುಬ್ಬಾದ ಭಾವಿ ವರ ನಿಶ್ಚಲನನ್ನೂ ಬೆಂಗಾವಲಿಗೆ ಸರ್ವಮಂಗಳಮ್ಮನನ್ನೂ ಕೂಡಿಕೊಂಡು ವೀರನು ಪಾರ್ಕಿನ ಗೇಟನ್ನು ತಲುಪಿದಾಗ ಅಲ್ಲಿ ನಿಂತಿದ್ದವನು ಖಾಕಿವಸನಾವೃತ, ವೇಣುದಂಡಪಾಣಿ, ತೃಣಾಂಕುರರಕ್ಷಾಮಣಿ, ವಾಚ್‌ಮನ್ ಮಾಯಿಗಯ್ಯ. ಅವನ ಕೊರಳಿನಲ್ಲಿ ತೂಗುತ್ತಿದ್ದ ಪ್ಲಾಸ್ಟಿಕ್ ವಿಷಲ್ ಒಮ್ಮೆ ಮೊಳಗಿತೆಂದರೆ ಪೊದೆಯ ಹಿಂದಿನ ಪ್ರೇಮಿಗಳು ಅಣ್ಣತಂಗಿಯರಾಗಿ ಹೊರಬರುತ್ತಿದ್ದರು. ಪಾಪ, ಅವನಿಗೂ ಒಂದು ಗಾಯವಿತ್ತು. ಹೋದ ತಿಂಗಳು ಯಾರೋ ಒಂದೇ ಹಳೆಯ ಪತ್ರವನ್ನು ಮತ್ತೆಮತ್ತೆ ತೋರಿಸಿ ಒಳನುಗ್ಗಿ, ಪಾರಿಜಾತದ ಗಿಡವನ್ನೇ ಮುರಿದುಹಾಕಿದ್ದರು. ‘ತಾರೀಖು ನೋಡಕ್ಕೂ ಬರಲ್ವಾ ನಿಂಗೆ’ ಎಂದು ಸಾಹೇಬರು ವಾಕಿಂಗಿನವರೆಲ್ಲರ ಎದುರಿಗೆ ಅವನ ಮಾನ ಕಳೆದಿದ್ದರು. ಅಂದಿನಿಂದ ಅವನು ತಾರೀಖು ಒಂದನ್ನೇ ನೋಡುತ್ತಿದ್ದನು.

ಅವನು ಪತ್ರವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ನಿರುಕಿಸಿದನು.

“ಎಲ್ಲಾ ಸರಿಯಾಗೈತೆ ಸಾ. ತಾರೀಖೆಲ್ಲೈತೆ?”

“ಆ ಬೊಟ್ಟಿನ ಕೆಳಗಿರಬೇಕು ನೋಡಿ.”

“ಹಂಗಾರೆ ಕುಂಕುಮ ಒರ್ಸಿ ತೋರ್ಸಿ.”

ಮದುವೆ ಗೊತ್ತಾದ ಹೆಣ್ಣಿನ ಎದುರು ನಿಂತು ಕುಂಕುಮ ಒರೆಸು ಎಂದ ಆ ಮಾತು ಬಾಯಿಂದ ಬಿದ್ದ ಕ್ಷಣ ದಿಗ್ಗಜಗಳು ನಡುಗಿದವು, ಮರದ ಅಳಿಲು ಕಾಯಿ ಬೀಳಿಸಿತು, ವಾಕಿಂಗಿನ ನಿವೃತ್ತ ಮೇಷ್ಟರೊಬ್ಬರು ಕೈ ಬೀಸುವುದನ್ನು ನಿಲ್ಲಿಸಿದರು. ಸರ್ವಮಂಗಳಮ್ಮ ಸೆರಗು ಸಿಕ್ಕಿಸಿ ಮುಂದೆ ಬಂದಳು.

“ಏನಯ್ಯಾ ಅಂದೆ? ನನ್ ಮಗಳಿನ್ನೂ ಹಸೆಮಣೆ ಹತ್ತಿಲ್ಲ, ಆಗ್ಲೇ ಕುಂಕುಮ ಒರೆಸು ಅಂತೀಯಾ? ನಿನ್ ಮನೇಲಿ ಹೆಣ್ಮಕ್ಕಳಿಲ್ವಾ?”

ಮಾಯಿಗಯ್ಯ ನಾಲಗೆ ಕಚ್ಚಿಕೊಂಡು ಕೆನ್ನೆ ಕೆನ್ನೆ ಬಡಿದುಕೊಂಡನು. “ತಪ್ಪಾಯ್ತು ಕಣವ್ವ. ನಂಗೂ ಮೂರು ಹೆಣ್ಮಕ್ಳವ್ರೆ. ಒರೆಸೋದು ಬ್ಯಾಡ, ಆ ಪಾಪ ನಂಗೂ ಬ್ಯಾಡ. ಆದ್ರೆ ತಾರೀಖು ಕಾಣ್ದೆ ಒಳಿಕ್ಕೆ ಬಿಡಕ್ಕಾಗಲ್ಲ.”

ಇದೇ ಧರ್ಮಸಂಕಟ. ಒರೆಸಿದರೆ ಮುತ್ತೈದೆತನಕ್ಕೆ ಅಪಶಕುನ, ಒರೆಸದಿದ್ದರೆ ನಿಯಮಕ್ಕೆ ಭಂಗ. ಎರಡು ಪಕ್ಷದವರಿಗೂ ದೇವರ ಭಯವಿದ್ದದ್ದರಿಂದ ಯುದ್ಧ ಇತ್ಯರ್ಥವಾಗದೆ ನಿಂತಿತು. ಪಂಚಾಕ್ಷರಿ ಟ್ರೈಪಾಡನ್ನು ಗೇಟಿನ ಹೊರಗೆ ಊರಿದನು, ಮಾಯಿಗಯ್ಯ ಬಿದಿರುಕೋಲನ್ನು ಗೇಟಿಗೆ ಅಡ್ಡ ಹಿಡಿದನು. ಸಾಹೇಬರಿಗೆ ಫೋನ್ ಹಚ್ಚಿದರೆ ಅವರು ವ್ಯಾಪ್ತಿ ಪ್ರದೇಶದ ಹೊರಗಿದ್ದರು. ಅಷ್ಟರಲ್ಲಿ ಸೂರ್ಯ ಒಂದು ಮಾರು ಮೇಲೆ ಬಂದು, ಮೇಘಶ್ರೀಯ ಹಣೆಯಲ್ಲಿ ಬೆವರಿಳಿದು, ಅಷ್ಟು ಹೊತ್ತು ಕೂತು ಬಳಿದ ಮೇಕಪ್ಪು ಕದಲತೊಡಗಿತು.

ಆಗ ವೀರನು ಗರ್ಜಿಸಿದನು: “ಎಲವೋ ದ್ವಾರಪಾಲಕಾಧಮ! ಪುರಪ್ರಮುಖರ ಷಷ್ಟ್ಯಬ್ದಿಗಳನ್ನು ಫ್ರೇಮಿನೊಳಗೆ ಬಂಧಿಸಿದ ಈ ಭುಜವನ್ನು ನೋಡು. ಗಟ್ಟಿಮೇಳವನ್ನೇ ತಡೆದು ನಿಲ್ಲಿಸಿದ ಈ ತರ್ಜನಿಯನ್ನು ನೋಡು. ಕಿರುಬೆರಳಿನಷ್ಟು ಕುಂಕುಮ ನನ್ನ ದಿಗ್ವಿಜಯಯಾತ್ರೆಯನ್ನು ತಡೆಯುವುದೇ?” ನಿಜವಾಗಿ ಅವನು ಹೇಳಿದ್ದು ‘ಬಿಡಿ ಮಾಯಿಗಯ್ಯನವರೇ, ಊರವನು ನಾನು, ಸುಳ್ಳು ಹೇಳ್ತೀನಾ’ ಎಂದು ಮಾತ್ರ. ಅದಕ್ಕೆ ಪ್ರತಿಯಾಗಿ ಮಾಯಿಗಯ್ಯನು ತನ್ನ ದಂಡದ ಮೇಲೂ ತೃಣದ ಮೇಲೂ ಆಣೆಯಿಟ್ಟು ಪ್ರಳಯಕಾಲದ ಮೇಘದಂತೆ ಮೊಳಗಿದನು. ಅಂದರೆ ‘ಆಗಾಕಿಲ್ಲ ಸಾ’ ಎಂದನು.

ಆ ಹೊತ್ತಿಗೆ ನಿಶ್ಚಲನು ಜೇಬಿನಿಂದ ಮೊಬೈಲ್ ತೆಗೆದು, ಬೋರ್ಡಿನಲ್ಲಿ ಮೊಬೈಲಿಗೆ ಅಡ್ಡಿಯಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದನು. ಅಡ್ಡಿಯಿಲ್ಲ, ಧಾರಾಳವಾಗಿ ತೆಗೆಯಬಹುದು ಎಂದು ಮಾಯಿಗಯ್ಯ ದಾರಿ ಬಿಟ್ಟನು. ಹಾಗಾದರೆ ಮೊಬೈಲಲ್ಲೇ ಮುಗಿಸೋಣವೆಂದು ಮೇಘಶ್ರೀಯೂ ಅಂದಳು. ಯಾರೂ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಬ್ಯಾಗು ಕಾಯುತ್ತ ಗೇಟಿನಲ್ಲಿ ನಿಲ್ಲುವ ತನ್ನನ್ನು ಮನಸ್ಸಿನಲ್ಲೇ ಕಂಡು ಪಂಚಾಕ್ಷರಿಗೆ ಅಳು ಬಂದಂತಾಯಿತು. ಸರ್ವಮಂಗಳಮ್ಮ ಕೂಡ ಅವನ ಮುಖ ನೋಡದೆ ಪಕ್ಕಕ್ಕೆ ತಿರುಗಿದಳು.

ಹತಾಶನಾದ ವೀರನು ಪತ್ರವನ್ನು ಎರಡು ಕೈಯಲ್ಲಿ ಆಕಾಶಕ್ಕೆ ಎತ್ತಿ, “ದೇವರಾಣೆ ಹೇಳ್ತೀನಿ” ಎಂದು ಶುರುಮಾಡಿದನು. ಆಣೆ ಅರ್ಧಕ್ಕೇ ನಿಂತಿತು. ಕಾಗದವನ್ನು ಬೆಳಕಿಗೆ ಎತ್ತಿದರೆ ಅದರೊಳಗೆ ನೋಡುವುದು ಅವನ ಕಣ್ಣಿಗೆ ರೂಢಿ. ರೀಲಿನ ಕಾಲದಲ್ಲಿ ನೆಗೆಟಿವ್‌ಗಳನ್ನು ಅಂಚು ಹಿಡಿದು ಕಿಟಕಿಗೆ ಎತ್ತಿ, ಯಾರ ಕಣ್ಣು ಮುಚ್ಚಿದೆಯೆಂದು ಹುಡುಕಿ ಹುಡುಕಿ ಬಂದ ಚಾಳಿ. ತುಪ್ಪ ಕುಡಿದ ಕಾಗದ ಕನ್ನಡಕದ ಗಾಜಾಗಿತ್ತು. ಕೆಂಪು ಬೊಟ್ಟಿನ ನಡುವೆ ನೀಲಿ ಅಕ್ಷರಗಳು ಮೂಡಿ ನಿಂತಿದ್ದವು.

“ಅಕ್ಕಾ, ಕಾಣ್ತಿದೆ. ತಾರೀಖು ಇವತ್ತಿಂದೇ.”

ಮಾಯಿಗಯ್ಯನೂ ನೋಡಿದನು, ಬಿಸಿಲಿಗೆ ಅವನ ಕಣ್ಣಲ್ಲಿ ನೀರು ಬಂತೇ ಹೊರತು ತಾರೀಖು ಕಾಣಲಿಲ್ಲ. ಗೇಟಿನ ಹೊರಗೆ ನಿಯಮವಿಲ್ಲವಷ್ಟೆ. ಪಂಚಾಕ್ಷರಿ ಪತ್ರವನ್ನು ಅವನ ಕೈಯಲ್ಲೇ ಎತ್ತಿ ಹಿಡಿಸಿ, ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದು, ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದನು. ವಾಚ್‌ಮನ್ ತಾರೀಖನ್ನು ಬೆರಳಿಟ್ಟು ಓದಿದನು. ಬೆರಳು ಇನ್ನೂ ಸ್ವಲ್ಪ ಕೆಳಗಿಳಿಯಿತು.

“ಇಲ್ಲಿ ಟೈಮೂ ಬರ್ದವ್ರಲ್ಲ ಸಾ. ಏಳರಿಂದ ಒಂಬತ್ತು ಅಂತ. ಈಗ ಒಂಬತ್ತಕ್ಕೆ ಹತ್ತು ನಿಮ್ಷ ಐತೆ.”

ಫೋಟೋಗೆಂದು ಗೊತ್ತುಮಾಡಿದ್ದ ಗಿಳಿಮಂಟಪವು ಪಾರ್ಕಿನ ಆ ಕೊನೆಯಲ್ಲಿತ್ತು. ಮರ ಸುತ್ತುವುದಕ್ಕೂ ಬೆನ್ನಿಗೆ ಬೆನ್ನು ಕೊಡುವುದಕ್ಕೂ ವೇಳೆಯಿರಲಿಲ್ಲ. ಗೇಟಿನೊಳಗೆ ಕಾಲಿಟ್ಟಲ್ಲೇ ಇದ್ದ ನಿಯಮಫಲಕದ ಕೆಳಗೆ ಹುಡುಗ ಹುಡುಗಿಯನ್ನು ನಿಲ್ಲಿಸಿ ಪಂಚಾಕ್ಷರಿ ಕ್ಲಿಕ್ಕಿಸತೊಡಗಿದನು. ‘ನಗಿ’ ಎಂದು ಹೇಳಬೇಕಾಗಿ ಬರಲಿಲ್ಲ. ಸರ್ವಮಂಗಳಮ್ಮ, ಮಾಯಿಗಯ್ಯನ ವಾಚು ಮುಂದಿದೆಯೆಂದು ಅವನೊಡನೆ ವಾದಕ್ಕೆ ನಿಂತದ್ದನ್ನು ನೋಡಿ ಅವರಿಬ್ಬರೂ ತಾವಾಗಿಯೇ ಬಿದ್ದು ಬಿದ್ದು ನಗುತ್ತಿದ್ದರು. ಒಂಬತ್ತಕ್ಕೆ ಸರಿಯಾಗಿ ವಿಷಲ್ ಮೊಳಗಿತು, ಮಹಾಸಮರ ಮುಗಿಯಿತು.

ಸಂಜೆ ಸರ್ವಮಂಗಳಮ್ಮ ಫೋಟೋಗಳನ್ನು ಬೀಗಿತ್ತಿಗೆ ತೋರಿಸಲು ಹೋದಳು. ಪಂಚಾಕ್ಷರಿ ಸ್ಟುಡಿಯೋದಲ್ಲಿ ಫೋನಿನ ಮುಂದೆ ಕೂತು ಕಾಫಿ ಕೂಡ ಕುಡಿಯಲಿಲ್ಲ. ಕೊನೆಗೆ ಫೋನ್ ಬಂತು.

“ಮದುವೆ ನಿಮ್ದೇ ಪಂಚಾಕ್ಷರಿ. ಮೊದಲನೇ ಫೋಟೋ ಆ ಪತ್ರದ್ದೇ ಅಲ್ವಾ, ನೋಡಿದ್ದೇ ಬೀಗಿತ್ತಿ ಕಣ್ಣಿಗೊತ್ಕೊಂಡ್ರು. ಮೊದಲನೇದೇ ಕುಂಕುಮ ಬಂದಿದೆ, ಇನ್ನು ಬೇರೆಯವರು ಬೇಡ ಅಂದ್ರು. ಮಿಕ್ಕಿದ್ದು ಆಮೇಲೆ ನೋಡ್ತಾರಂತೆ.”

ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ನಗುವ ಜೋಡಿಯನ್ನು ಯಾರೂ ನೋಡಲೇ ಇಲ್ಲವಲ್ಲ ಎಂದು ಸಾಸಿವೆಯಷ್ಟು ಬೇಜಾರೂ ಆಯಿತು. ಆಮೇಲೆ ಕಾಫಿ ತರಿಸಿ ಕುಡಿದನು.

ಮರುದಿನ ಬೆಳಗ್ಗೆ ಸ್ಟುಡಿಯೋದ ಬಾಗಿಲಲ್ಲಿ ತಲೆ ಬಾಚಿ, ವಿಭೂತಿ ಇಟ್ಟುಕೊಂಡು ಮಾಯಿಗಯ್ಯ ನಿಂತಿದ್ದನು. ಹೊಸ ಗುರುತಿನ ಚೀಟಿಗೆ ಫೋಟೋ ಬೇಕಂತೆ. ಸ್ಟೂಲಿನ ಮೇಲೆ ಕೂತವನು, ಲೈಟ್ ಹಾಕಿದ ಮೇಲೆ, ಸುತ್ತ ಗೋಡೆಯ ಮೇಲೆ ಏನಾದರೂ ಬೋರ್ಡಿದೆಯೇ ಎಂದು ಕಣ್ಣಾಡಿಸಿದನು.

“ಇಲ್ಲೇನೂ ರೂಲ್ಸ್ ಇಲ್ವಾ ಸಾ?”

“ಒಂದೇ ಒಂದಿದೆ. ನಗಬಾರದು.”

ಮಾಯಿಗಯ್ಯ ನಕ್ಕುಬಿಟ್ಟನು. ಫೋಟೋ ಇನ್ನೊಂದು ಸಲ ತೆಗೆಯಬೇಕಾಯಿತು.