ಮಾವನ ಹಲಗೆಕಟ್ಟೆ

ಕಮಲಾಪುರದಿಂದ ಬಂದ ಕಾರ್ಡಿನಲ್ಲಿ ಎರಡೇ ಸಾಲು ಇದ್ದವು. "ರವಿವಾರ ಸಂಜೀಕ ಬರ್ತೇನಿ. ನಾ ಕೊಟ್ಟ ಹಲಗಿ ನೋಡಬೇಕು." ಕೆಳಗೆ ಮಾವ ಜಗದೇವಪ್ಪನವರ ಸಹಿ.

ನೀಲಕಂಠ ಕಾರ್ಡು ಹಿಡಿದೇ ಹಿತ್ತಲಿಗೆ ಓಡಿದ. ಮಾವ ಹಳೆಯ ಮನೆ ಬಿಚ್ಚಿಸಿದಾಗ ಕೊಟ್ಟ ಸಾಗುವಾನಿ ಹಲಗೆಗಳಿಂದ ಅವನು ಕೋಟನೂರಿನ ತನ್ನ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಕಟ್ಟೆ ಮಾಡಿಸಿಕೊಂಡಿದ್ದ. ವಾರವಿಡೀ ಆಫೀಸಿನಲ್ಲಿ ಬೈಸಿಕೊಂಡವನು ರವಿವಾರ ಅದರ ಮೇಲೆ ಕಾಲು ಚಾಚಿ ಚಹಾ ಕುಡಿದರೇ ಮನುಷ್ಯನಾಗುತ್ತಿದ್ದ. ಆದರೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಅದಕ್ಕೆ ನೀರು ತೋರಿಸಿರಲಿಲ್ಲ. ಪಾಚಿ ಒಣಗಿ ಕಪ್ಪಾಗಿತ್ತು, ಅದರ ಮೇಲೆ ಕಾಗೆಗಳ ಕೃಪೆ ಬೇರೆ.

"ನಿಮ್ಮಪ್ಪ ಕಟ್ಟಿ ಕಿತ್ಕೊಂಡು ಹೋಗ್ತಾರ," ಎಂದ ಹೆಂಡತಿಗೆ.

"ಹೋಗ್ದೇ ಇರ್ತಾರೇನ್ರೀ? ತಾಮ್ರದ ಹಂಡೆ ಕಪ್ಪಾಗ್ಯಾದ ಅಂತ ವಾಪಸ್ ಒಯ್ದಿಲ್ಲೇನು?" ಎಂದಳು ಜಯದೇವಿ.

ರವಿವಾರ ಬೆಳಿಗ್ಗೆ ಅವನು ಲುಂಗಿ ಎತ್ತಿಕಟ್ಟಿ, ಸಾಬೂನು ನೀರಿನ ಬಕೆಟ್ ಹಿಡಿದು ಕಟ್ಟೆಯ ಮುಂದೆ ಕೂತ. ಎರಡು ಬಾರಿ ಉಜ್ಜುವಷ್ಟರಲ್ಲಿ ಗೋಡೆಯ ಮೇಲಿಂದ ಪಕ್ಕದ ಮನೆಯ ಶಾರದಾಬಾಯಿ ಇಣುಕಿದರು.

"ಸಬಕಾರಕ್ಕ ಹೋಗಂಗಿಲ್ರೀ ಅದು. ದೇವರ ಸಾಮಾನು ಹ್ಯಾಂಗ ತಿಕ್ತೀವಿ ನಾವು? ಹುಣಸಿಹಣ್ಣು!"

ಬೇಡ ಎನ್ನುವ ಮೊದಲೇ ಬೋಗುಣಿ ತುಂಬ ಹುಣಸೆ ರಸ ಬಂತು. ತಿಕ್ಕಿದ ಮೇಲೆ ಕಟ್ಟೆ ಒಂದು ಕಡೆ ಬೆಳ್ಳಗೆ, ಒಂದು ಕಡೆ ಕರ್ರಗೆ ಆಗಿ ಪಟ್ಟೆಪಟ್ಟೆಯಾಯಿತು. ಹಿಂದೆಯೇ ಇರುವೆಗಳ ಸಾಲು ಹೊರಟಿತು.

ಹಿಂದಿನ ಮನೆಯ ಆಟೋ ಡ್ರೈವರ್ ಬಂದೇನವಾಜ್ ಅದನ್ನು ನೋಡಿ ಸುಮ್ಮನಿರುತ್ತಾನೆಯೇ? ಆಟೋದಿಂದ ಸುಟ್ಟ ಇಂಜಿನ್ ಆಯಿಲಿನ ಡಬ್ಬಿ ಹಿಡಿದೇ ಬಂದ. "ಫಿಕರ್ ಮಾಡಬ್ಯಾಡ್ರಿ ಸಾಬ್. ಇದು ಹಚ್ಚಿದ್ರ ಇರುವಿ ಅಲ್ಲ, ಗೆದ್ದಲ ಭೀ ಹತ್ರ ಬರಂಗಿಲ್ಲ!"

"ಮಾವಾರು ಭೀ ಬರಂಗಿಲ್ಲಪಾ!" ಎಂದು ನೀಲಕಂಠ ಕೂಗುವಷ್ಟರಲ್ಲಿ ಎರಡು ಹಲಗೆಗಳು ಕಾಡಿಗೆಯಂತಾಗಿದ್ದವು. ಹಿತ್ತಲು ಗ್ಯಾರೇಜಿನ ವಾಸನೆ ಹೊಡೆಯತೊಡಗಿತು.

ಅಳುವುದೊಂದು ಬಾಕಿ. ಸ್ಟೇಶನ್ ಬಜಾರಕ್ಕೆ ಸೈಕಲ್ ತುಳಿದು ಪಾಲಿಶ್ ಪೇಪರ್ ತಂದ. ಮಧ್ಯಾಹ್ನದ ಬಿಸಿಲಲ್ಲಿ ಕೂತು ಒಂದೊಂದೇ ಹಲಗೆ ಉಜ್ಜಿದ. ಅಂಗೈಯಲ್ಲಿ ಬೊಕ್ಕೆ ಎದ್ದವು. ಕೊನೆಗೆ ಅಡುಗೆಮನೆಗೆ ನುಗ್ಗಿ ಕುಸುಬಿ ಎಣ್ಣೆಯ ಡಬ್ಬಿ ಎತ್ತಿಕೊಂಡು ಬಂದು, ಹಳೆಯ ಧೋತರದಲ್ಲಿ ಅದ್ದಿ ತೀಡಿದ.

ತೀಡಿದ ಹಾಗೆಲ್ಲ ಸಾಗುವಾನಿಯ ಗೆರೆಗಳು ಜೇನಿನ ಬಣ್ಣದಲ್ಲಿ ಎದ್ದು ಬಂದವು. ನಾಲ್ಕು ಗಂಟೆಗೆ ಕಟ್ಟೆ ಹೊಸ ಮದುಮಗಳಂತೆ ಹೊಳೆಯುತ್ತಿತ್ತು. ತನ್ನ ಕೈಯಿಂದ ಇಂಥ ಕೆಲಸವಾದೀತು ಎಂದು ನೀಲಕಂಠನೇ ನಂಬಿರಲಿಲ್ಲ. ಅವನಿಗೆ ನಿಜವಾಗಿಯೂ ಹೆಮ್ಮೆಯಾಯಿತು.

ಸಂಜೆ ಮಾವ ಬಸ್ಸಿನಲ್ಲಿ ಬರಲಿಲ್ಲ, ಟೆಂಪೋದಲ್ಲಿ ಬಂದರು. ಕೆಂಪು ಬಾಳೆಹಣ್ಣಿನ ಗೊನೆ ಮಗಳ ಕೈಗಿಟ್ಟು ನೇರ ಹಿತ್ತಲಿಗೆ ನಡೆದರು. ಬಗ್ಗಿ ಹಲಗೆ ಸವರಿದರು, ಬೆರಳಿನಿಂದ ಕುಟ್ಟಿ ನೋಡಿದರು.

"ಭೇಷ್ ಅಳಿಯಂದ್ರ! ಖರೇ ಹೇಳ್ತೇನಿ, ಕೆಟ್ಟು ಹೋಗಿರ್ತಾವ ಅಂದ್ಕೊಂಡಿದ್ದೆ. ಕೆಟ್ಟಿದ್ರ ಇಲ್ಲೇ ಬಿಟ್ಟು ಹೋಗ್ತಿದ್ದೆ."

"ಅಂದ್ರ?" ಎಂದ ನೀಲಕಂಠ.

"ನಮ್ಮ ಬಾಳಿ ತೋಟದಾಗ ಕೂಡಾಕ ಒಂದು ಕಟ್ಟಿ ಬೇಕಾಗಿತ್ತು. ಹೊಸಾ ಸಾಗುವಾನಿ ಎಲ್ಲಿ ಸಿಗತದ? ಒಯ್ತೇನಿ. ಛಲೋ ಇದ್ರ ಒಯ್ಯೋಣಂತ ಗಾಡಿ ತಂದೀನಿ."

ಬಂದೇನವಾಜ್ ಕರೆಯದೇ ಓಡಿ ಬಂದು ಮೊಳೆ ಕಿತ್ತ. ಶಾರದಾಬಾಯಿ ಗೋಡೆಯ ಮೇಲಿಂದ "ಹುಷಾರ್ರೀ, ಗೀರು ಬಿದ್ದೀತು!" ಎಂದು ನಿಗಾ ಇಟ್ಟರು. ಅರ್ಧ ಗಂಟೆಯಲ್ಲಿ ಬೇವಿನ ಕೆಳಗೆ ಬರೀ ಮಣ್ಣು ಉಳಿಯಿತು.

ಟೆಂಪೋ ಹತ್ತಿದ ಮಾವ ತಲೆ ಹೊರಗೆ ಹಾಕಿದರು. "ವರ್ಷಕ್ಕೊಮ್ಮಿ ಮಳೆಗಾಲಕ್ಕ ಮುಂಚೆ ಕಮಲಾಪುರಕ್ಕ ಬಂದು ಹಿಂಗ ತೀಡಿ ಹೋಗ್ರಿ. ನಮ್ಮ ಆಳುಗಳ ಕೈಲೆ ಈ ಹೊಳಪು ಬರಂಗಿಲ್ಲ. ಎಣ್ಣಿ ಮಾತ್ರ ಬರೋವಾಗ ತರ್ರಿ."

ನೀಲಕಂಠ ಬೊಕ್ಕೆ ಎದ್ದ ಕೈ ಜೋಡಿಸಿ "ಆಗಲ್ರೀ ಮಾವಾರ," ಎಂದ. ಒಳಗಿನಿಂದ ಜಯದೇವಿ ಖಾಲಿ ಡಬ್ಬಿ ಹಿಡಿದು ಬಂದು, ರಾತ್ರಿಯ ಒಗ್ಗರಣೆಗೆ ಈಗಲೇ ಎಣ್ಣೆ ತರಬೇಕೆಂದಳು.