ಬೀಗರೊಡನೆ ಸಾಲ್ಮನ್ ಬೇಟೆ

ಪರದೇಶಕ್ಕೆ ಬಂದವರಿಗೆ ಒಂದು ವಿಚಿತ್ರ ತೊಂದರೆಯಿದೆ. ಊರಿನ ಹೆಸರು ಹೇಳಿದರೆ ಸಾಕು, ಆ ಊರಿನಲ್ಲಿ ಇರುವುದೆಲ್ಲ ನಮಗೆ ಬರುತ್ತದೆ ಎಂದು ಎದುರಿನವರು ತೀರ್ಮಾನಿಸಿಬಿಡುತ್ತಾರೆ. ನಮ್ಮವರು ಮೈಸೂರಿನವರು. ಇಲ್ಲಿ ಪಿಸ್ಕಾಟವೇ ಎಂಬ ಊರಿನ ಅವರ ಆಫೀಸಿನಲ್ಲಿ ಒಬ್ಬಾಕೆ ದಸರಾ ಫೋಟೋ ನೋಡಿ, ‘ನಿಮ್ಮ ಮನೆಯಲ್ಲೂ ಆನೆ ಇತ್ತೇ?’ ಎಂದು ಕೇಳಿದಳಂತೆ. ನಮ್ಮವರು ‘ಇಲ್ಲ’ ಎನ್ನಬೇಕಿತ್ತು. ‘ಈಗ ಇಲ್ಲ’ ಎಂದು ಬಂದರು. ಅವರ ಸ್ವಭಾವವೇ ಅಂಥದ್ದು; ಎದುರಿನವರನ್ನು ನಿರಾಸೆಗೊಳಿಸುವುದು ಅವರಿಂದ ಆಗುವುದಿಲ್ಲ. ಅವರ ಈ ಒಳ್ಳೆಯತನ ಆನೆಯ ಮಟ್ಟದಲ್ಲಿ ಇದ್ದಷ್ಟು ದಿನ ನನಗೂ ನಗು ಬರುತ್ತಿತ್ತು. ಮೀನಿನ ವಿಷಯಕ್ಕೆ ಬಂದಾಗ ಮಾತ್ರ ನಾನು ತಲೆ ಎತ್ತದ ಹಾಗಾಯಿತು.

ನಾನು ಮಲ್ಪೆಯವಳು. ನನ್ನ ಅಪ್ಪನಿಗೆ ಅಲ್ಲಿ ಜವಳಿ ಅಂಗಡಿ ಇತ್ತು. ಅಂಗಡಿಯಿಂದ ಬಂದರು ಕಾಣುತ್ತಿತ್ತು, ದೋಣಿಗಳೂ ಕಾಣುತ್ತಿದ್ದವು, ಆದರೆ ನಾನು ಒಂದು ದೋಣಿಗೂ ಕಾಲಿಟ್ಟವಳಲ್ಲ. ಮೀನು ನಮ್ಮ ಮನೆಗೆ ಬರುತ್ತಿದ್ದುದು ಮೀನು ಮಾರುವ ಹೆಂಗಸಿನ ಬುಟ್ಟಿಯಲ್ಲಿ. ಕಿವಿರು ಎತ್ತಿ ನೋಡಿ ಬಂಗುಡೆ ತಾಜಾ ಇದೆಯೋ ಇಲ್ಲವೋ ಎಂದು ಹೇಳಬಲ್ಲೆ, ಕೊತ್ತಂಬರಿ, ಮೆಣಸು ಹುರಿದು ಗಸಿ ಮಾಡಬಲ್ಲೆ, ಮುಳ್ಳು ಬಿಡಿಸಿ ತಿನ್ನಬಲ್ಲೆ. ಕಡಲಿಗೂ ನನಗೂ ಇರುವ ಸಂಬಂಧ ಅಷ್ಟೇ.

ನಮ್ಮ ಮಗಳು ನಿಧಿ ಈಥನ್ ಎಂಬ ಹುಡುಗನನ್ನು ಮದುವೆಯಾಗುವುದಾಗಿ ಹೇಳಿದಾಗ ನಮಗೆ ತಕರಾರೇನೂ ಇರಲಿಲ್ಲ. ಬಿಸಿಬೇಳೆಬಾತಿನ ಮೇಲೆ ಚಿಪ್ಸ್ ಪುಡಿ ಮಾಡಿ ಹಾಕಿಕೊಳ್ಳುವುದನ್ನು ಯಾರೂ ಹೇಳಿಕೊಡದೆ ಕಲಿತ ಹುಡುಗ. ಅವನ ತಾಯಿ ಕ್ಯಾರಲ್ ತೀರಿಕೊಂಡು ಕೆಲವು ವರ್ಷಗಳಾಗಿವೆ. ತಂದೆ ವಾಲ್ಟರ್ ಒಬ್ಬರೇ ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿ, ಆಂಟಾರಿಯೋ ಸರೋವರದ ದಡದ ಒಂದು ಸಣ್ಣ ಊರಿನಲ್ಲಿ ಇದ್ದಾರೆ. ಬೀಗರ ಮೊದಲ ಭೇಟಿ ಫೋರ್ಟ್ ಲೀಯಲ್ಲಿ, ನಿಧಿಯ ಅಪಾರ್ಟ್‌ಮೆಂಟಿನಲ್ಲಿ ಏರ್ಪಾಡಾಯಿತು. ವಾಲ್ಟರ್ ಮಹಾ ಸಂಕೋಚದ ಮನುಷ್ಯ. ಸೋಫಾದ ತುದಿಯಲ್ಲಿ ಕೂತು ಕಿಟಕಿಯಾಚೆಯ ಸೇತುವೆಯನ್ನೇ ನೋಡುತ್ತಿದ್ದರು. ಹವೆಯ ಮಾತು ಮುಗಿಯಿತು, ಟ್ರಾಫಿಕ್ಕಿನ ಮಾತು ಮುಗಿಯಿತು, ಸೇತುವೆಯ ಮಾತೂ ಮುಗಿಯಿತು. ಆಗ, ವಾಲ್ಟರ್ ಮೀನು ಹಿಡಿಯುತ್ತಾರೆಂದು ನಿಧಿ ಹೇಳಿದ್ದು ನಮ್ಮವರಿಗೆ ನೆನಪಾಯಿತು. ‘ನನ್ನ ಹೆಂಡತಿ ಮೀನುಗಾರಿಕೆಯ ಊರಿನವಳು. ಅದು ಅವಳ ರಕ್ತದಲ್ಲೇ ಇದೆ!’ ಎಂದು ಇಂಗ್ಲಿಷಿನಲ್ಲಿ ಘೋಷಿಸಿಬಿಟ್ಟರು.

ವಾಲ್ಟರ್ ಮೊದಲ ಬಾರಿಗೆ ಸೇತುವೆಯಿಂದ ಮುಖ ತಿರುಗಿಸಿದರು. ‘ಹೌದೇ? ಯಾವ ಮೀನು?’ ಎಂದು ನನ್ನನ್ನು ಕೇಳಿದರು. ‘ಬಂಗುಡೆ’ ಎಂದೆ. ಅದು ಸುಳ್ಳಲ್ಲವಲ್ಲ. ‘ಹೇಗೆ ಹಿಡಿಯುತ್ತೀರಿ?’ ಎಂದರು. ನಾನು ತಡವರಿಸುವಷ್ಟರಲ್ಲಿ ನಮ್ಮವರು, ‘ಹೆಚ್ಚುಕಡಿಮೆ ಬರಿಗೈಯಲ್ಲೇ!’ ಎಂದರು.

ಅಡುಗೆಮನೆಯಲ್ಲಿ ನಿಧಿ ನನ್ನ ಕೈ ಹಿಡಿದು, ‘ಅಮ್ಮಾ, ಯೂ ಹ್ಯಾವ್ ಟು ಟೆಲ್ ಹಿಮ್’ ಎಂದಳು. ಹೇಳೋಣವೆಂದೇ ಹೊರಟಿದ್ದೆ. ಅಷ್ಟರಲ್ಲಿ ಈಥನ್ ಒಳಗೆ ಬಂದ. ‘ಆಂಟಿ, ಅಮ್ಮ ಹೋದಮೇಲೆ ಅಪ್ಪ ಯಾರನ್ನೂ ತನ್ನ ದೋಣಿಗೆ ಕರೆದಿರಲಿಲ್ಲ. ಈಗಷ್ಟೇ ನಿಮ್ಮನ್ನು ಸಾಲ್ಮನ್ ಹಿಡಿಯಲು ಕರೆದುಕೊಂಡು ಹೋಗುತ್ತೇನೆಂದು ಹೇಳಿದರು’ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಆ ಕಣ್ಣುಗಳ ಎದುರು ಜವಳಿ ಅಂಗಡಿಯ ವಿಷಯ ಎತ್ತುವುದು ಹೇಗೆ? ಟ್ರೇಯಲ್ಲಿ ಕೋಡುಬಳೆ ಹಿಡಿದುಕೊಂಡು ಸುಮ್ಮನೆ ಹೊರಗೆ ಬಂದೆ.

ಬೇಸಿಗೆ ಮುಗಿಯುತ್ತ ಬಂದ ಹಾಗೆ ವಾಲ್ಟರ್ ನನ್ನ ಫೋನಿಗೆ ಸರೋವರದ ವರದಿ ಕಳಿಸತೊಡಗಿದರು. ಎದುರಿಗೆ ಮಾತಾಡದ ಮನುಷ್ಯ ಮೆಸೇಜಿನಲ್ಲಿ ವಾಚಾಳಿ. ಸಾಲ್ಮನ್ನುಗಳು ಮೊಟ್ಟೆಯಿಡಲು ನದಿಗೆ ಹತ್ತುವ ಕಾಲ ಹತ್ತಿರವಾಗಿದೆ. ಆದರೆ ನದಿಯ ನೀರು ಇನ್ನೂ ಬೆಚ್ಚಗಿದೆಯಾದ್ದರಿಂದ ನದಿ ಸರೋವರಕ್ಕೆ ಸೇರುವ ಜಾಗದ ಹೊರಗೆ, ಆಳದ ತಣ್ಣೀರಿನಲ್ಲಿ ಗುಂಪುಗೂಡಿ ಕಾಯುತ್ತಿವೆ. ದಡದ ಕಡೆಯಿಂದ ಗಾಳಿ ಬೀಸಿದರೆ ಮೇಲಿನ ಬೆಚ್ಚನೆಯ ನೀರು ಸರೋವರದ ನಡುವಿಗೆ ಸರಿದು ತಣ್ಣೀರು ದಡದ ಹತ್ತಿರ ಮೇಲೇಳುತ್ತದೆ, ಅದರೊಂದಿಗೆ ಮೀನೂ ಬರುತ್ತದೆ. ಸರೋವರದ ಕಡೆಯಿಂದ ಬೀಸಿದರೆ ಎಲ್ಲ ಕೆಟ್ಟಿತು. ಪ್ರತಿ ವರದಿಯ ಕೊನೆಯಲ್ಲಿ ‘ನಿಮ್ಮ ಅಭಿಪ್ರಾಯವೇನು?’ ಎಂಬ ಪ್ರಶ್ನೆ. ನಾನು ಬಹಳ ಯೋಚಿಸಿ, ‘ಕಾದು ನೋಡೋಣ’ ಎಂದು ಉತ್ತರಿಸುತ್ತಿದ್ದೆ. ಅದನ್ನು ಅವರು ಅನುಭವಿಯ ಸಂಯಮ ಎಂದುಕೊಂಡರಂತೆ! ಆಫೀಸಿನಲ್ಲಿ ಮೀಟಿಂಗಿನ ನಡುವೆ ನಾನು ಕದ್ದು ನೋಡುತ್ತಿದ್ದುದು ಗಾಳಿಯ ದಿಕ್ಕು. ಸರೋವರದಿಂದ ಜೋರಾಗಿ ಬೀಸಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ವಾರ ಬೀಸಿತು ಕೂಡ. ಪ್ರಯಾಣ ಮುಂದೆ ಹೋಯಿತು. ಆ ವಾರ ನಾನು ಹೋಳಿಗೆ ಮಾಡಿದೆ. ಮರುವಾರ ಗಾಳಿ ತಿರುಗಿತು. ‘ಪರ್ಫೆಕ್ಟ್!’ ಎಂದು ವಾಲ್ಟರ್ ಬರೆದರು.

‘ಎಂಥ ಮಾರಾಯ್ರೆ ನೀವು, ಬರಿಗೈಯಲ್ಲಿ ಹಿಡೀತಾಳೆ ಅಂದ್ರಲ್ಲ, ಈಗ ಎಂಥ ಮಾಡುದು?’ ಎಂದು ನಾನು ನಮ್ಮವರ ಮೇಲೆ ಹರಿಹಾಯ್ದೆ.

‘ಅಷ್ಟಕ್ಕೆಲ್ಲ ಯಾಕೆ ಗಾಬರಿ ವಿಮಲಾ? ಪ್ರಾಕ್ಟೀಸ್ ಮಾಡಿದ್ರೆ ಆಯ್ತು’ ಎಂದು ಅವರು ಮನೆಯ ಹಿಂದಿನ ಅಂಗಳಕ್ಕೆ ಮಾಪ್ ಕೋಲು ತಂದರು. ಕೋಲಿನ ತುದಿಗೆ ನನ್ನ ದುಪಟ್ಟಾ ಕಟ್ಟಿ ಕೋಲನ್ನು ನನ್ನ ಕೈಗೆ ಕೊಟ್ಟು, ದುಪಟ್ಟಾದ ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಬಿಗಿದುಕೊಂಡು, ‘ನಾನೇ ಸಾಲ್ಮನ್. ಬಿಡಬೇಡ, ಎಳಿ!’ ಎಂದು ಹುಲ್ಲಿನ ಮೇಲೆ ಅತ್ತಿಂದಿತ್ತ ಓಡಿದರು. ಆ ಸಾಲ್ಮನ್ನಿಗೆ ಮಂಡಿನೋವು. ಎರಡು ಸುತ್ತಿಗೆ ಏದುಸಿರು ಬಿಟ್ಟು ಕೂತುಬಿಟ್ಟಿತು. ಸುಲಭವಾಗಿ ದಡಕ್ಕೆ ಎಳೆದೆ. ನಿಜ ಹೇಳಬೇಕೆಂದರೆ ಆಗ ನನಗೆ ಸ್ವಲ್ಪ ಧೈರ್ಯವೂ ಬಂದಿತ್ತು.

ಇಡೀ ದಿನ ಡ್ರೈವ್ ಮಾಡಿ ವಾಲ್ಟರ್ ಅವರ ಮನೆ ತಲುಪಿದೆವು. ಮರುದಿನ ಬೆಳಗಾಗುವ ಮೊದಲೇ ಅವರ ಪುಟ್ಟ ದೋಣಿಯಲ್ಲಿ ನಾವು ಮೂವರೂ ಹೊರಟೆವು. ಅಲ್ಲಿಗೆ ಬಂದಿದ್ದ ನಿಧಿ, ಈಥನ್ ಇಬ್ಬರೂ ದಡದಲ್ಲೇ ಉಳಿದರು. ಸರೋವರ ಎಂದು ಕರೆದರೂ ಅದಕ್ಕೆ ಆಚೆ ದಡವೇ ಕಾಣಿಸುವುದಿಲ್ಲ. ಉಪ್ಪಿಲ್ಲದ ಕಡಲು ಎಂದರೆ ಸರಿ. ವಾಲ್ಟರ್ ಗಾಳದ ಕೋಲುಗಳನ್ನು, ಅಂದರೆ ರಾಡುಗಳನ್ನು, ದೋಣಿಯ ಅಂಚಿನ ಕೊಳವೆಗಳಲ್ಲಿ ಸಿಕ್ಕಿಸಿ, ಭಾರದ ಗುಂಡು ಕಟ್ಟಿದ ತಂತಿಯಿಂದ ಗಾಳಗಳನ್ನು ಆಳದ ತಣ್ಣೀರಿಗೆ ಇಳಿಬಿಟ್ಟರು. ದೋಣಿ ಮೆಲ್ಲನೆ ಸಾಗುತ್ತಿತ್ತು. ‘ಈ ಕಾಲದಲ್ಲಿ ಸಾಲ್ಮನ್ನಿಗೆ ಹಸಿವು ಇರುವುದಿಲ್ಲ. ಗಾಳವನ್ನು ಕಚ್ಚುವುದು ಬರೀ ಸಿಟ್ಟಿನಿಂದ’ ಎಂದರು. ನಮ್ಮ ಕಡೆಯ ಮದುವೆಗಳಲ್ಲಿ ಹಸಿವಿಲ್ಲದಿದ್ದರೂ ಪಾಯಸ ಸರಿಯಿಲ್ಲವೆಂದು ಕಚ್ಚಿ ಮಾತಾಡುವ ಬೀಗರು ನನಗೆ ನೆನಪಾದರು. ನಮಗೆ ವಾಲ್ಟರ್ ಅವರಂಥ ಒಳ್ಳೆಯ ಬೀಗರು ಸಿಕ್ಕಿದ್ದಾರಲ್ಲ ಎಂದು ಒಂದು ಗಳಿಗೆ ಮನಸ್ಸು ತುಂಬಿ ಬಂತು.

ಆಗ ವಾಲ್ಟರ್ ಒಂದು ರಾಡನ್ನು ತೋರಿಸಿದರು. ಹಿಡಿಯ ಮೇಲೆ ನೀಲಿ ಟೇಪು ಸುತ್ತಿತ್ತು. ‘ಇದು ಕ್ಯಾರಲ್‌ಳದು. ಇವತ್ತು ನಿಮ್ಮದು’ ಎಂದು ಹೇಳಿ ಬೇರೆ ಕಡೆ ತಿರುಗಿದರು. ಮಾಪ್ ಕೋಲಿನಿಂದ ಬಂದಿದ್ದ ಧೈರ್ಯವೆಲ್ಲ ಆ ಕ್ಷಣದಲ್ಲೇ ಇಳಿದುಹೋಯಿತು. ಹೇಳಿಬಿಡು, ಈಗಲೂ ಹೊತ್ತು ಮೀರಿಲ್ಲ ಎಂದು ಒಳಗಿನಿಂದ ಯಾರೋ ತಿವಿದರು. ನಾನು ಬಾಯಿ ತೆರೆದೆ. ಅದೇ ಹೊತ್ತಿಗೆ ಆ ರಾಡು ನೀರಿಗೆ ನಮಸ್ಕಾರ ಮಾಡುವ ಹಾಗೆ ಬಾಗಿತು.

‘ಫಿಶ್ ಆನ್!’ ಎಂದು ವಾಲ್ಟರ್ ಕೂಗಿದರು. ‘ವಿಮಲಾ, ತಗೋ, ತಗೋ!’ ಎಂದು ನಮ್ಮವರು ಕುಣಿದರು. ಹೇಗೋ ರಾಡನ್ನು ಕೊಳವೆಯಿಂದ ಕಿತ್ತು ಹಿಡಿದೆ. ಆಚೆ ತುದಿಯಲ್ಲಿದ್ದ ಜೀವಕ್ಕೆ ಮಂಡಿನೋವು ಇರಲಿಲ್ಲ. ಓಡುವ ಸ್ಕೂಟರ್ ಎಳೆದುಕೊಂಡು ಹೋದ ಹಾಗೆ ಎಳೆಯಿತು. ದಾರ ಸುತ್ತಿದ್ದ ರೀಲು ಕಿರುಚತೊಡಗಿತು. ಏನು ಮಾಡಬೇಕೆಂದು ಯಾರಾದರೂ ಹೇಳಬಹುದೆಂದು ಕಾದೆ. ಮೀನುಗಾರರ ಊರಿನವಳಿಗೆ ಹೇಳಿಕೊಡುವ ಧೈರ್ಯ ಯಾರಿಗಿದೆ? ದೋಣಿ ಒಮ್ಮೆ ಓಲಾಡಿತು. ನನಗೆ ಗಾಬರಿಯಾಯಿತು. ಗಾಬರಿಯಾದರೆ ನನ್ನ ಎರಡೂ ಕೈ ತಲೆಯ ಮೇಲೆ ಹೋಗುತ್ತವೆ. ಹಾಲು ಉಕ್ಕಿದರೂ ಅಷ್ಟೇ, ಹೈವೇಯಲ್ಲಿ ಎಕ್ಸಿಟ್ ತಪ್ಪಿದರೂ ಅಷ್ಟೇ. ‘ಅಯ್ಯಯ್ಯೋ!’ ಎಂದು ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡೆ.

ಕ್ಯಾರಲ್‌ಳ ರಾಡು ದೋಣಿಯ ಅಂಚನ್ನು ಒಮ್ಮೆ ತಟ್ಟಿ, ಸದ್ದಿಲ್ಲದೆ ನೀರಿಗೆ ಇಳಿಯಿತು. ನೀಲಿ ಟೇಪು ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಅದೂ ಕಾಣಲಿಲ್ಲ.

ನಾಚಿಕೆಗೆ ವಾಲ್ಟರ್ ಮುಖ ನೋಡಲಾಗಲಿಲ್ಲ. ನಾನು ಅಲ್ಲೇ ಕೂತೆ. ಕೈಗಳು ಇನ್ನೂ ತಲೆಯ ಮೇಲೇ ಇದ್ದವು. ವಾಲ್ಟರ್ ನೀರನ್ನು ನೋಡುತ್ತ ನಿಂತಿದ್ದರು. ನಂತರ ಒಂದೂ ಮಾತಾಡದೆ ಉಳಿದ ಗಾಳಗಳನ್ನೆಲ್ಲ ಮೇಲೆಳೆದುಕೊಂಡು ದೋಣಿಯನ್ನು ದಡದ ಕಡೆ ತಿರುಗಿಸಿದರು. ಯಾರೊಬ್ಬರ ಬೆನ್ನನ್ನೂ ನಾನು ಅಷ್ಟು ಹೊತ್ತು ನೋಡಿದವಳಲ್ಲ. ನಮ್ಮವರು ಮೌನ ಮುರಿಯಲೇಬೇಕೆಂದು, ‘ನೀರು ಮಾತ್ರ ಬಹಳ ಚೆನ್ನಾಗಿದೆ’ ಎಂದರು. ಅವರ ಕಾಲನ್ನು ತುಳಿದೆ. ಮಗಳ ಮದುವೆ ಮುರಿದ ಹಾಗೆಯೇ ನನಗೆ ಅನಿಸತೊಡಗಿತ್ತು. ಮುರಿಯದಿದ್ದರೂ, ಇನ್ನು ಮುಂದೆ ಪ್ರತಿ ಹಬ್ಬದ ಊಟದಲ್ಲೂ ಆ ರಾಡು ನಮ್ಮ ನಡುವೆ ಮಲಗಿರುತ್ತದಲ್ಲ!

ದೋಣಿ ಕಟ್ಟಿದ ಮೇಲೆ ನಮ್ಮವರನ್ನು ಮಕ್ಕಳ ಕಡೆ ಕಳಿಸಿ ನಾನೊಬ್ಬಳೇ ವಾಲ್ಟರ್ ಹತ್ತಿರ ಹೋದೆ. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನನ್ನಪ್ಪ ಬಟ್ಟೆ ಮಾರುತ್ತಿದ್ದರು, ನಾನು ಮೀನು ತಿಂದವಳೇ ಹೊರತು ಹಿಡಿದವಳಲ್ಲ, ಗಾಳಿ ಕೆಡಲಿ ಎಂದು ಬೇಡಿಕೊಂಡದ್ದೂ ನಿಜ, ನನ್ನನ್ನು ಕ್ಷಮಿಸಿ ಎಂದೆ. ಕೊನೆಗೆ ಅತ್ತೂಬಿಟ್ಟೆ.

ವಾಲ್ಟರ್ ಹಗ್ಗದ ಗಂಟನ್ನು ಎರಡು ಸಲ ಬಿಗಿ ಮಾಡಿದರು. ಆಮೇಲೆ ನಿಧಾನವಾಗಿ, ‘ನೀವು ರಾಡನ್ನು ತಲೆಕೆಳಗಾಗಿ ಹಿಡಿದಿದ್ದಿರಿ. ರೀಲು ಮೇಲೆ ಇರಬೇಕು’ ಎಂದರು.

‘ಮತ್ತೆ ಯಾಕೆ ಹೇಳಲಿಲ್ಲ?’

‘ಇಂಡಿಯಾದಲ್ಲಿ ಹಾಗೆಯೇ ಹಿಡಿಯುತ್ತಾರೇನೋ ಅಂದುಕೊಂಡೆ. ತಿದ್ದಿದರೆ ನಿಮಗೆ ಬೇಸರವಾಗಬಹುದಲ್ಲ.’

ನಗಬೇಕೋ ಅಳು ಮುಂದುವರಿಸಬೇಕೋ ತಿಳಿಯಲಿಲ್ಲ. ಅವರು ನೀರಿನ ಕಡೆ ನೋಡುತ್ತಲೇ ಮಾತು ಮುಂದುವರಿಸಿದರು. ‘ಅದು ಕ್ಯಾರಲ್‌ಳ ಮೂರನೆಯ ರಾಡು. ಮೊದಲಿನ ಎರಡೂ ಅಲ್ಲೇ ಕೆಳಗಿವೆ. ಮೊದಲನೆಯದು ಬಿದ್ದಾಗ ನಾನು ಅವಳ ಮೇಲೆ ಕೂಗಾಡಿದ್ದೆ. ದಡ ಮುಟ್ಟುವವರೆಗೂ ಅತ್ತಿದ್ದಳು. ಎರಡನೆಯದು ಬಿದ್ದಾಗಲೂ ಕೂಗಾಡಿದೆ. ಇವತ್ತು ಬಾಯಿ ತೆರೆದರೆ ಏನು ಹೊರಗೆ ಬರುತ್ತದೋ ಎಂದು ಹೆದರಿ ಸುಮ್ಮನೆ ಕೂತೆ. ಆದರೂ ನೀವು ಅಳುತ್ತಿದ್ದೀರಿ. ನನಗೆ ಯಾವುದೂ ಸರಿಯಾಗಿ ಮಾಡಲು ಬರುವುದಿಲ್ಲ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರೇ ನನ್ನ ಎದುರು ಸಣ್ಣ ಮುಖ ಮಾಡಿಕೊಂಡು ನಿಂತರಲ್ಲ, ಅದಕ್ಕೆ ನನ್ನ ನಾಚಿಕೆ ಇಮ್ಮಡಿಯಾಯಿತು. ಕಾರಿನಲ್ಲಿ ಊಟಕ್ಕೆಂದು ತಂದಿದ್ದ ಬುತ್ತಿ ತೆಗೆದೆ. ಇಬ್ಬರೂ ದಡದ ಕಲ್ಲಿನ ಮೇಲೆ ಕೂತು ಮೊಸರನ್ನ ತಿಂದೆವು. ಅವರು ಉಪ್ಪಿನಕಾಯಿಯ ಹೋಳೊಂದನ್ನು ಪೂರ್ತಿ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡರು. ತಿದ್ದಿದರೆ ಬೇಸರವಾಗಬಹುದೆಂದು ನಾನು ಸುಮ್ಮನಿರಲಿಲ್ಲ. ಚೂರು ಚೂರು ನಂಚಿಕೊಳ್ಳಬೇಕೆಂದು ಹೇಳಿಕೊಟ್ಟೆ. ಹೊರಡುವಾಗ, ‘ಮುಂದಿನ ವರ್ಷ ಬನ್ನಿ, ಹೇಗೆ ಹಿಡಿಯುವುದೆಂದು ತೋರಿಸುತ್ತೇನೆ’ ಎಂದರು. ಖಂಡಿತ ಬರುತ್ತೇನೆ ಎಂದೆ. ಇನ್ನು ಬಾಳಿನಲ್ಲಿ ಸುಳ್ಳಿನ ನೆರಳಿಗೂ ನಿಲ್ಲಬಾರದೆಂದು ತೀರ್ಮಾನಿಸಿಯೇ ಕಾರು ಹತ್ತಿದೆ.

ಹೈವೇ ಸೇರಿ ಸ್ವಲ್ಪ ಹೊತ್ತಾಗಿರಬಹುದು. ನ್ಯೂಯಾರ್ಕಿನ ಜೆರಿಕೋದಲ್ಲಿರುವ ನಮ್ಮ ಸ್ನೇಹಿತ ಗುರುರಾಜ್ ಫೋನು ಮಾಡಿದರು. ನಮ್ಮವರು ಸ್ಪೀಕರ್ ಹಾಕಿದರು.

‘ಏನ್ ಸಾರ್, ಸಾಲ್ಮನ್ ಸಿಕ್ತಾ?’

‘ಸಿಕ್ಕಿತ್ತು ಗುರು, ಸಿಕ್ಕಿತ್ತು! ವಿಮಲಾನೇ ಹಿಡಿದಿದ್ದು. ಆದ್ರೆ ಎಂಥಾ ಮೀನು ಅಂತೀರಿ, ರಾಡನ್ನೇ ಕಿತ್ಕೊಂಡು ಹೋಗ್ಬಿಡ್ತು!’

ಆ ಮೀನನ್ನು ನಮ್ಮ ಮೂವರಲ್ಲಿ ಯಾರೂ ಕಣ್ಣಿಂದ ನೋಡಿರಲೇ ಇಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

‘ಅಬ್ಬಾ! ಎಷ್ಟು ದೊಡ್ಡದಿತ್ತು?’ ಎಂದರು ಗುರುರಾಜ್.

‘ಒಂದು ನಾಲ್ಕು ವರ್ಷದ ಮಗೂ ಅಷ್ಟು’ ಎಂದರು ನಮ್ಮವರು.

ಇನ್ನು ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಮುಂದಕ್ಕೆ ಬಾಗಿ, ಫೋನಿನ ಹತ್ತಿರ ಬಾಯಿ ತಂದು, ‘ಗುರುರಾಜ್, ಇವರಿಗೆ ಸರಿಯಾಗಿ ಕಾಣ್ಲಿಲ್ಲ ಮಾರಾಯ್ರೆ’ ಎಂದೆ. ‘ಆರು ವರ್ಷದ್ದು.’