ಫೇಲಿಲ್ಲದ ಪರೀಕ್ಷೆ

ಮಕ್ಕಳಿಗೆ ಪಾಠ ಹೇಳುವುದನ್ನು ಟ್ರೈನಿಂಗ್‌ನಲ್ಲಿ ಕಲಿಸಿದ್ದರು. ಅವರ ಅಪ್ಪ, ಅಮ್ಮ, ತಾತ, ಅಜ್ಜಿಗೆ ಹೇಳುವುದನ್ನು ಯಾರೂ ಕಲಿಸಲಿಲ್ಲ. ಹಾಗಾಗಿ ನಗರಗೆರೆ ಕಡೆಯ ನಮ್ಮ ಸರ್ಕಾರಿ ಶಾಲೆಗೆ ಹೊಸದು ಏನೇ ಬರಲಿ, ಮೊದಲು ಬೆಚ್ಚಿಬೀಳುವವಳು ನಾನೇ.

ಈ ಸಲ ಬಂದದ್ದು ಐದನೇ ಕ್ಲಾಸಿಗೆ ಹೊಸ ಪರೀಕ್ಷೆ. ಪ್ರಶ್ನೆಪತ್ರಿಕೆ ಮೇಲಿನಿಂದ ಬರುತ್ತದೆ, ಎಲ್ಲ ಶಾಲೆಗೂ ಒಂದೇ. ಕಾಯುವುದಕ್ಕೆ ಬೇರೆ ಶಾಲೆಯ ಮೇಷ್ಟ್ರು. ಉತ್ತರ ಬರೆಯುವ ಹಾಗಿಲ್ಲ, ಪ್ರತಿ ಪ್ರಶ್ನೆಗೂ ನಾಲ್ಕು ಗೋಲ ಕೊಟ್ಟಿರುತ್ತಾರೆ, ಸರಿಯಾದ ಒಂದನ್ನು ಪೆನ್ನಿನಿಂದ ತುಂಬಬೇಕು. ಅದನ್ನು ಮೆಷಿನ್ ಓದುತ್ತದೆ. ಇದನ್ನೆಲ್ಲ ಪೋಷಕರಿಗೆ ಅರ್ಥ ಮಾಡಿಸುವ ಕೆಲಸ ನನ್ನ ತಲೆಗೆ ಬಿತ್ತು.

ಪೋಷಕರ ಸಭೆ

ನಾನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ತಾತ ಎದ್ದು ನಿಂತರು. ಅವರ ಮೊಮ್ಮಗಳು ನನ್ನ ಕ್ಲಾಸಿನ ಜಾಣ ಹುಡುಗಿ. ಸೊಸೆ ಕುಡುಮಲಕುಂಟೆಯ ಫ್ಯಾಕ್ಟರಿಗೆ ಹೋಗುವವಳು, ಅವತ್ತು ರಜೆ ಹಾಕಿ ಬಂದು ಪಕ್ಕದಲ್ಲೇ ಕೂತಿದ್ದಳು.

"ನೋಡಮ್ಮ ಮೇಡಮ್ಮ, ಈ ಹುಡುಗಿ ಫೇಲಾದ ದಿನ ಸ್ಕೂಲ್ ಬಿಡ್ಸಿ ಚಿಂತಾಮಣೀಲಿರೋ ಅವರತ್ತೆ ಮನೇಗೆ ಕಳಿಸ್ಬಿಡ್ತೀನಿ, ಕೂಸು ನೋಡ್ಕೊಳ್ಳೋಕೆ. ಫೇಲಾಗೋ ತನಕ ಓದ್ಲಿ, ಅಡ್ಡ ಬರಲ್ಲ. ಇಷ್ಟು ಜನರ ಮುಂದೆ ಹೇಳ್ತಿದ್ದೀನಿ, ನಂದು ಒಂದೇ ಮಾತು."

ಸೊಸೆಯ ಮುಖ ಬಿಳಿಚಿಕೊಂಡಿತು. ನನಗೆ ಮೈ ಉರಿದುಹೋಯಿತು. ಆದರೂ ಸಮಾಧಾನ ತಂದುಕೊಂಡು, "ತಾತ, ಈ ಪರೀಕ್ಷೇಲಿ ಫೇಲ್ ಅನ್ನೋದೇ ಇಲ್ಲ. ಮಗು ಎಷ್ಟು ಕಲ್ತಿದೆ ಅಂತ ನೋಡಿ ಗ್ರೇಡ್ ಕೊಡ್ತಾರೆ, ಅಷ್ಟೇ" ಅಂದೆ.

ಮಕ್ಕಳಿಗೆ ಫೇಲಿಲ್ಲ ಎಂದರೆ ಪೋಷಕರು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ಏನೋ ಕೆಟ್ಟ ಸುದ್ದಿ ಕೇಳಿದವರ ಹಾಗೆ ನನ್ನನ್ನೇ ನೋಡುತ್ತಿದ್ದರು. ತಾತ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೊಸೆ ಕಡೆ ಬಗ್ಗಿ, "ಪಾಪ, ಬೆಳಗ್ಗಿಂದ ಬಿಸಿಲಲ್ಲಿ ನಿಂತವ್ರೆ. ಒಂದ್ಲೋಟ ನೀರು ಕೊಡಮ್ಮ" ಅಂದರು.

ಗೂಡಿನ ಲಾಟು

ಮಾರನೇ ದಿನ ಬೆಳಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ರೇಷ್ಮೆ ಹುಳು ಸಾಕುವವರು. ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗಿ ಬಂದು ಅಭ್ಯಾಸ. ಅವರ ಮಗ ನನ್ನ ಕ್ಲಾಸಿನ ಕೊನೆಯ ಬೆಂಚಿನವನು.

"ಮೇಡಂ, ನನಗೆಲ್ಲ ಅರ್ಥ ಆಯ್ತು" ಅಂದರು. ಅಷ್ಟು ಹೇಳಿದವರು ಅವರೊಬ್ಬರೇ. ನನಗೆ ಕಣ್ಣು ತುಂಬಿ ಬಂತು.

"ಮಾರ್ಕೆಟ್ಟಲ್ಲಿ ನಾವು ತಂದ ಗೂಡೆಲ್ಲ ಒಂದೇ ಲಾಟು ಅಂತ ರಾಶಿ ಸುರೀತೀವಿ. ತಗೊಳ್ಳೋನು ಬಂದು ಕೈ ಹಾಕಿ ಒಂದು ಹಿಡಿ ಎತ್ತಿ ನೋಡ್ತಾನೆ. ಆ ಹಿಡೀಲಿ ಕೆಟ್ಟ ಗೂಡು ಸಿಕ್ತು ಅಂದ್ರೆ ಇಡೀ ಲಾಟಿನ ರೇಟು ಬೀಳುತ್ತೆ. ನಿಮ್ಮದೂ ಅದೇ ತಾನೆ? ಚೆನ್ನಾಗಿರೋ ಹುಡುಗ್ರನ್ನ ಕೈಗೆ ಸಿಗೋ ಹಂಗೆ ಮುಂದೆ ಕೂರ್ಸಿ."

"ಹಂಗಲ್ಲಣ್ಣ, ಒಂದು ಹಿಡಿ ಅಲ್ಲ, ಎಲ್ಲ ಮಕ್ಕಳೂ ಬರೀಬೇಕು."

ಅವರು ದಂಗಾಗಿಹೋದರು. "ಎಲ್ಲಾನೂ ನೋಡ್ತಾರಾ? ಒಂದೊಂದೂ ಬಿಡ್ಸಿ?" ಆಮೇಲೆ ದನಿ ತಗ್ಗಿಸಿ ಅಂದರು: "ಹಂಗಾದ್ರೆ ಅವತ್ತು ನಮ್ಮೋನ್ನ ನಾನೇ ಮನೇಲಿಟ್ಕೋತೀನಿ ಮೇಡಂ. ನಮ್ಮಿಂದ ನಿಮ್ಮ ಲಾಟಿನ ಹೆಸರು ಕೆಡೋದು ಬೇಡ."

ಶುಭಕ್ಕೆ ಅರಿಶಿನ

ಮನೆಯವರೂ ಒಮ್ಮೆ ಕಣ್ಣಲ್ಲಿ ನೋಡಲಿ ಎಂದು ಅಭ್ಯಾಸದ ಉತ್ತರಹಾಳೆಗಳನ್ನು ಮಕ್ಕಳ ಕೈಲಿ ಕಳಿಸಿದೆ. ಮರುದಿನ ವಾಪಸ್ ಬಂದ ಕಟ್ಟು ಬಿಚ್ಚಿದರೆ ಒಂದೊಂದು ಹಾಳೆಗೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿತ್ತು, ಥೇಟ್ ಲಗ್ನಪತ್ರಿಕೆ. ಮೆಷಿನ್ ಆ ಹಾಳೆಯ ಗುರುತು ಹಿಡಿಯುವುದೇ ನಾಲ್ಕು ಮೂಲೆಯ ಕಪ್ಪು ಚೌಕಗಳಿಂದ. ಸದ್ಯ, ಅಸಲಿ ಹಾಳೆಯಲ್ಲವಲ್ಲ.

ವಿಚಾರಿಸಿದರೆ ಶಾಲೆಯ ಹಿಂದಿನ ಮನೆ ಅಜ್ಜಿ ಮೊದಲು ಹಚ್ಚಿದರಂತೆ. ನೋಡಿ ಇಡೀ ಬೀದಿ ಹಚ್ಚಿತು. ಓಡಿದೆ ಅಜ್ಜಿ ಹತ್ತಿರ.

"ಹೊಸ ಕಾಗಿತಂ ಕದಮ್ಮ, ಹೊಸ ಕಾಗದ ಅಲ್ವಾ! ಮಕ್ಕಳ ಶುಭಕಾರ್ಯ. ಅರಿಶಿನ ಇಲ್ದೆ ಹೆಂಗೆ ಕಳ್ಸೋದು?"

"ಅದು ಹೋಗ್ಲಿ ಅಜ್ಜಿ. ನಿಮ್ಮ ಮೊಮ್ಮಗನ ಹಾಳೇಲಿ ನಾಲ್ಕು ಗೋಲಕ್ಕೂ ಕುಂಕುಮ ಇಟ್ಟಿದ್ದೀರಲ್ಲ? ಒಂದನ್ನ ಮಾತ್ರ ತುಂಬ್ಬೇಕು ಅಂತ ಹೇಳಿರ್ಲಿಲ್ವಾ?"

ಈಗ ಬೆಚ್ಚಿಬೀಳುವ ಸರದಿ ಅಜ್ಜಿಯದು. ಗಲ್ಲಕ್ಕೆ ಕೈ ಹಚ್ಚಿಕೊಂಡು ಕೇಳಿದರು: "ಏನಮ್ಮ, ಟೀಚರಾಗಿ ಹಿಂಗಂತೀಯ? ಸಾಲಾಗಿ ನಾಲ್ಕು ಜನ ಕೂತಿರೋವಾಗ ಒಬ್ಬರಿಗೆ ಕುಂಕುಮ ಇಟ್ಟು ಮೂರು ಜನರನ್ನ ಹಂಗೇ ಕಳಿಸ್ತಾರಾ?"

ಮುಟ್ಟದ ಕಾಫಿ

ಪರೀಕ್ಷೆಯ ದಿನ ವಿದುರಾಶ್ವತ್ಥದ ಕಡೆಯ ಶಾಲೆಯಿಂದ ಒಬ್ಬ ಮೇಷ್ಟ್ರು ಬಂದರು. ಬಹಳ ಶಿಸ್ತಿನ ಮನುಷ್ಯ. ಮಕ್ಕಳು ಪರೀಕ್ಷೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಜಗಲಿಯ ಮೇಲೆ ತಾಯಂದಿರು ಉಪ್ಪಿಟ್ಟು, ಕೇಸರಿಬಾತು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕಾಯುತ್ತಿದ್ದರು. ಮೇಷ್ಟ್ರು ಎಲ್ಲಕ್ಕೂ ಕೈ ಮುಗಿದು, "ಬೇಡಮ್ಮ" ಎಂದು ಬೈಕು ಹತ್ತಿ ಹೋಗಿಯೇಬಿಟ್ಟರು.

ಸಂಜೆ ಫ್ಯಾಕ್ಟರಿಯ ಆ ತಾಯಿ ಮನೆಗೂ ಹೋಗದೆ ನೇರ ನನ್ನ ಹತ್ತಿರ ಬಂದಳು. ಜೊತೆಗೆ ಅರ್ಧ ಊರಿನ ಹೆಂಗಸರು. ಅವಳ ಕಣ್ಣು ಅತ್ತೂ ಅತ್ತೂ ಕೆಂಪಾಗಿತ್ತು.

"ನನ್ಮಗಳ ಓದು ಹೋಯ್ತಲ್ಲ ಮಿಸ್. ನಮ್ಮ ಮಾವ ಫೋನ್ ಮಾಡಿ ಈಗ್ಲೇ ಬಟ್ಟೆ ಕಟ್ಟು ಅಂತಾವ್ರೆ."

"ಯಾಕಮ್ಮ? ಇನ್ನೂ ಪೇಪರೇ ನೋಡಿಲ್ಲ!"

"ನೋಡೋಕೆ ಬಂದೋರು ಕಾಫಿ ಮುಟ್ದೆ ಎದ್ದೋದ್ರೆ ಏನರ್ಥ ಮಿಸ್? ಒಪ್ಪಲಿಲ್ಲ ಅಂತ ತಾನೆ?"

ಹೆಣ್ಣು ನೋಡುವ ಶಾಸ್ತ್ರ ಪರೀಕ್ಷೆಗೂ ಬಂದು ಕೂತಿದೆ ಎಂದು ನನಗೆ ಆಗ ಹೊಳೆಯಿತು. ಅಲ್ಲೇ ಮೇಷ್ಟ್ರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವರಿಗೂ ಗಾಬರಿ. "ಅಯ್ಯೋ, ಮಕ್ಕಳೆಲ್ಲ ಚೆನ್ನಾಗಿ ಬರೆದ್ರು ಮೇಡಂ. ನನಗೆ ಶುಗರ್ ಇದೆ, ಅದಕ್ಕೆ ಬೇಡ ಅಂದೆ" ಎಂದರು.

ಆ ತಾಯಿ ಸೆರಗಲ್ಲಿ ಮುಖ ಒರೆಸಿಕೊಂಡಳು. ಅವಳ ಹಿಂದೆ ನಿಂತಿದ್ದವಳಿಗೆ ಮಾತ್ರ ಸಿಟ್ಟು ಬಂದಿತ್ತು. "ಮೊದ್ಲೇ ಹೇಳ್ಬಾರ್ದಾ ಮೇಡಂ? ಸಕ್ಕರೆ ಹಾಕ್ದೇನೇ ಒಪ್ಪಿಸ್ತಿದ್ವಿ."

ಫಲಿತಾಂಶ

ಗ್ರೇಡುಗಳು ಬಂದವು. ಆ ಜಾಣ ಹುಡುಗಿಗೆ ಎ. ಪರೀಕ್ಷೆಯ ದಿನ ನಾನೇ ಮನೆಯಿಂದ ಕರೆತಂದಿದ್ದ ಕೊನೆಯ ಬೆಂಚಿನವನಿಗೂ ಒಂದು ಗ್ರೇಡ್ ಇತ್ತು, ಅವನೂ ಆರನೇ ಕ್ಲಾಸಿಗೆ. ತಾತ ಸೊಸೆ, ಮೊಮ್ಮಗಳನ್ನು ಕರೆದುಕೊಂಡು ಬಂದರು. ಸೊಸೆ ಮಗಳ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

"ಹೋಗ್ಲಿ, ಯಾರು ಫೇಲಾದ್ರು?" ಅಂತ ಕೇಳಿದರು ತಾತ.

"ಯಾರೂ ಇಲ್ಲ ತಾತ. ಅವತ್ತೇ ಹೇಳಿದ್ನಲ್ಲ."

ನಾನು ಅವತ್ತು ಹೇಳಿದ್ದು ನಿಜ ಎಂದು ಅವರಿಗೆ ಆಗಲೇ ಗೊತ್ತಾದದ್ದು. "ಮುಂದಿನ ಪರೀಕ್ಷೆ ಯಾವಾಗ?"

"ಎಂಟನೇ ಕ್ಲಾಸಲ್ಲಿ. ಅದ್ರಲ್ಲೂ ಫೇಲಿಲ್ಲ."

"ಹತ್ತರಲ್ಲಿ?"

"ಅದ್ರಲ್ಲಿದೆ. ಆದ್ರೆ ಫೇಲಾದೋರು ಅದೇ ವರ್ಷ ಮತ್ತೆ ಬರ್ದು ಪಾಸಾಗ್ಬಹುದು."

ತಾತ ನಿಧಾನವಾಗಿ ಜಗಲಿಯ ಮೇಲೆ ಕೂತರು. ಅಷ್ಟು ಜನರ ಮುಂದೆ ಕೊಟ್ಟ ಮಾತು, ಫೇಲಾಗೋ ತನಕ ಓದ್ಲಿ ಎಂದು. ವಾಪಸ್ ತಗೊಳ್ಳುವ ಮನುಷ್ಯರಲ್ಲ ಅವರು. ಸೊಸೆ ನಗು ತಡೆಯಲಾರದೆ ಗೋಡೆ ಕಡೆ ತಿರುಗಿಬಿಟ್ಟಳು.

ಬೆರಳು ಮಡಿಸುತ್ತಾ ಏನೋ ಲೆಕ್ಕ ಹಾಕಿ, ಒಂದು ಕೈ ಸಾಲದೆ ಇನ್ನೊಂದು ಕೈಗೆ ಹೋಗಿ, ಕೊನೆಗೆ ತಾತ ನನ್ನ ಮುಖ ನೋಡಿ ಕೇಳಿದರು:

"ಹಂಗಾದ್ರೆ ಈ ಹುಡುಗೀನ ಸ್ಕೂಲ್ ಬಿಡ್ಸೋಕೆ ನಾನಿನ್ನೂ ಎಷ್ಟು ವರ್ಷ ಬದ್ಕಿರ್ಬೇಕಮ್ಮ?"